ಪಾವತಿ ಮತ್ತು ಚುಕ್ತಾ: ಬ್ಯಾಂಕುಗಳ ನಡುವಿನ ಲೆಕ್ಕ

(ಬಸವನಗುಡಿಯ ಒಂದು ವಾಣಿಜ್ಯ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮತ್ತು ಬಡಾವಣೆಯ ಹಿರಿಯರ ಮುಂದೆ ನೀಡಿದ ಉಪನ್ಯಾಸವನ್ನು ತುಸು ತಿದ್ದಿ ಬರಹಕ್ಕಿಳಿಸಿದ್ದೇನೆ. ಮಾತಿನಲ್ಲಿ ಬಂದು ಬರಹದಲ್ಲಿ ಬೇಡವೆನಿಸಿದ್ದನ್ನು ಬಿಟ್ಟಿದ್ದೇನೆ. ಕೊನೆಯಲ್ಲಿ ಸಭಿಕರೊಬ್ಬರು ಕೇಳಿದ ಪ್ರಶ್ನೆಯನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಈ ಸಭಾಂಗಣಕ್ಕೆ ಬರುವ ದಾರಿಯಲ್ಲಿ ಗಾಂಧಿ ಬಜಾರಿನಲ್ಲಿ ನಿಂತು ಮನೆಗೆಂದು ಎರಡು ಮೊಳ ಮಲ್ಲಿಗೆ ಕೊಂಡೆ. ಬೆಲೆ 60 ರೂಪಾಯಿ. ಬುಟ್ಟಿಯ ಪಕ್ಕದಲ್ಲಿದ್ದ ಕ್ಯೂಆರ್ ಕೋಡಿನ ಹಲಗೆಗೆ ಫೋನು ಹಿಡಿದೆ, ಪಿನ್ ಒತ್ತಿದೆ, ಅಲ್ಲಿದ್ದ ಪುಟ್ಟ ಪೆಟ್ಟಿಗೆ ಅರವತ್ತು ರೂಪಾಯಿ ಬಂತೆಂದು ಗಟ್ಟಿಯಾಗಿ ಸಾರಿತು. ಹೂವಿನಮ್ಮ ನನ್ನ ಫೋನಿನ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. ಬಾಳೆ ಎಲೆಯಲ್ಲಿ ಹೂ ಸುತ್ತಿ ನನ್ನ ಕೈಗಿತ್ತು ಪಕ್ಕದವರಿಗೆ ಮೊಳ ಹಾಕತೊಡಗಿದರು. ನಾನು ಈ ಸಂಜೆ ಕೇಳಬೇಕೆಂದಿರುವ ಪ್ರಶ್ನೆ ಇಷ್ಟೇ: ಆ ಪೆಟ್ಟಿಗೆ ಮಾತನಾಡಿದ ಕ್ಷಣದಲ್ಲಿ ನನ್ನ ಬ್ಯಾಂಕಿನಿಂದ ಅವರ ಬ್ಯಾಂಕಿಗೆ ಹಣ ಹೋಗಿತ್ತೇ? ಹೋಗಿರಲಿಲ್ಲ. ಅವರ ಬ್ಯಾಂಕಿಗೆ ಆಗ ಒಂದು ಪೈಸೆಯೂ ಮುಟ್ಟಿರಲಿಲ್ಲ. ಆದರೂ ಹೂವು ನನ್ನ ಕೈ ಸೇರಿತ್ತು, ಅವರ ಖಾತೆಯಲ್ಲಿ 60 ರೂಪಾಯಿ ಜಮೆಯಾಗಿತ್ತು, ಮತ್ತು ಅದನ್ನು ಅವರು ಆ ಕ್ಷಣದಲ್ಲೇ ಖರ್ಚು ಮಾಡಬಹುದಿತ್ತು.

ಆ ಕೆಲವು ಸೆಕೆಂಡುಗಳಲ್ಲಿ ನಡೆದದ್ದನ್ನು ಬಿಡಿಸಿ ನೋಡೋಣ. ಹಲಗೆಯ ಮೇಲಿನ ಕೋಡಿನಲ್ಲಿ ಅವರ ಯುಪಿಐ ವಿಳಾಸವಿತ್ತು. ನನ್ನ ಆ್ಯಪ್ ತಾನೇ ಬ್ಯಾಂಕಲ್ಲ. ಅದು ಯಾವುದೋ ಒಂದು ಬ್ಯಾಂಕಿನ ಆಸರೆಯಲ್ಲಿ ಯುಪಿಐ ಜಾಲದೊಳಗೆ ಬರುತ್ತದೆ. ಆ ಬ್ಯಾಂಕಿನ ಮೂಲಕ ನನ್ನ ಕೋರಿಕೆ ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್‌ನ, ಅಂದರೆ ಎನ್‌ಪಿಸಿಐನ, ಕೇಂದ್ರ ಸ್ವಿಚ್ ತಲುಪಿತು. ಸ್ವಿಚ್ ಎಂದರೆ ಬ್ಯಾಂಕುಗಳ ನಡುವೆ ಸಂದೇಶ ದಾಟಿಸುವ ಕಂಪ್ಯೂಟರ್ ವ್ಯವಸ್ಥೆ. ನಾನು ಒತ್ತಿದ ಪಿನ್ ಫೋನಿನಲ್ಲೇ ಗೂಢಲಿಪಿಯಾಗಿ ಮಾರ್ಪಟ್ಟಿತ್ತು. ಆ್ಯಪಿನ ಕಂಪನಿಗೆ ಅದನ್ನು ಓದಲಾಗದು, ಸರಿಯೋ ತಪ್ಪೋ ಎಂದು ಹೇಳುವುದು ನನ್ನ ಖಾತೆ ಇರುವ ಬ್ಯಾಂಕಿನ ಕೆಲಸ. ಸ್ವಿಚ್ ನನ್ನ ಬ್ಯಾಂಕಿಗೆ, ಇವರ ಖಾತೆಯಿಂದ 60 ರೂಪಾಯಿ ಕಳೆ ಎಂದಿತು. ಬ್ಯಾಂಕ್ ಪಿನ್ ನೋಡಿ, ಬಾಕಿ ನೋಡಿ, ಕಳೆದು, ಕಳೆದೆ ಎಂದು ಉತ್ತರಿಸಿತು. ಬಳಿಕ ಸ್ವಿಚ್ ಹೂವಿನಮ್ಮನ ಬ್ಯಾಂಕಿಗೆ, ಇವರ ಖಾತೆಗೆ ಸೇರಿಸು ಎಂದಿತು. ಅದು ಸೇರಿಸಿತು. ಕೊನೆಗೆ ನನ್ನ ಫೋನಿಗೆ ಹಸಿರು ಗುರುತು, ಅವರ ಪೆಟ್ಟಿಗೆಗೆ ಮಾತು. ಇಡೀ ಓಡಾಟದಲ್ಲಿ ಹರಿದಾಡಿದ್ದು ಸಂದೇಶ ಮಾತ್ರ.

ಈಗ ಎರಡೂ ಬ್ಯಾಂಕುಗಳ ವಹಿ ತೆರೆದು ನೋಡಿ. ನಾವು ಖಾತೆಯಲ್ಲಿಟ್ಟ ಹಣ ಎಂದರೆ ಬ್ಯಾಂಕು ನಮಗೆ ಕೊಡಬೇಕಾದ ಸಾಲ. ಹೂವು ಕೊಂಡ ಮೇಲೆ ನನ್ನ ಬ್ಯಾಂಕು ನನಗೆ ಕೊಡಬೇಕಾದದ್ದು 60 ರೂಪಾಯಿ ಕಡಿಮೆಯಾಯಿತು, ಹೂವಿನಮ್ಮನ ಬ್ಯಾಂಕು ಅವರಿಗೆ ಕೊಡಬೇಕಾದದ್ದು 60 ರೂಪಾಯಿ ಹೆಚ್ಚಾಯಿತು. ಆ ಎರಡನೆಯ ಬ್ಯಾಂಕು ಹೊಸ ಹೊಣೆಯೊಂದನ್ನು ಹೊತ್ತುಕೊಂಡಿತು, ಆದರೆ ಅದಕ್ಕೆ ಪ್ರತಿಯಾಗಿ ಕೈಗೆ ಬಂದದ್ದು ಏನು? ನನ್ನ ಬ್ಯಾಂಕಿನಿಂದ ಬರಬೇಕಾಗಿದೆ ಎಂಬ ಬಾಕಿ ಮಾತ್ರ. ಅಂದರೆ ಒಂದು ಬ್ಯಾಂಕು ಇನ್ನೊಂದಕ್ಕೆ ಕೆಲವು ಗಂಟೆಗಳ ಮಟ್ಟಿಗೆ 60 ರೂಪಾಯಿ ಕೈಗಡ ಕೊಟ್ಟಂತಾಯಿತು. ಗ್ರಾಹಕರ ನಡುವೆ ಆಗುವುದನ್ನು ಪಾವತಿ ಎಂದೂ, ಬ್ಯಾಂಕುಗಳ ನಡುವಿನ ಈ ಕೈಗಡ ತೀರುವುದನ್ನು ಚುಕ್ತಾ ಎಂದೂ ಕರೆಯುತ್ತೇನೆ. ಪುಸ್ತಕಗಳು ಅದನ್ನು ಇತ್ಯರ್ಥ ಎನ್ನುತ್ತವೆ. ನನಗೆ ಪೇಟೆಯವರ ಮಾತೇ ಹಿತ. ಇಂಥ ವ್ಯವಹಾರದಲ್ಲಿ ಪಾವತಿ ಮತ್ತು ಚುಕ್ತಾಗಳ ನಡುವೆ ಒಂದು ಕಾಲಾವಧಿ ಇದ್ದೇ ಇರುತ್ತದೆ, ಆ ಅವಧಿಯಲ್ಲಿ ಯಾರೋ ಯಾರನ್ನೋ ನಂಬಿರಲೇಬೇಕು. ಪಾವತಿ ವ್ಯವಸ್ಥೆಯ ಇತಿಹಾಸವೆಂದರೆ ಬಹುಮಟ್ಟಿಗೆ ಆ ಅವಧಿಯನ್ನು ಹೇಗೆ ನಿಭಾಯಿಸಿದರು ಎಂಬುದರ ಇತಿಹಾಸ.

ನಾನು ಕೆಲಸಕ್ಕೆ ಸೇರಿದ 1980ರ ದಶಕದ ಆರಂಭದಲ್ಲಿ ಈ ಅವಧಿಯನ್ನು ಕಣ್ಣಾರೆ ಕಾಣಬಹುದಿತ್ತು. ಚಿಕ್ಕಪೇಟೆಯ ಸುತ್ತಿನ ವ್ಯಾಪಾರಿಗಳು ನಮ್ಮ ಶಾಖೆಯಲ್ಲಿ ಜಮೆ ಮಾಡಿದ ಬೇರೆ ಬ್ಯಾಂಕುಗಳ ಚೆಕ್ಕುಗಳನ್ನು ಬ್ಯಾಂಕುವಾರು ವಿಂಗಡಿಸಿ, ಕಟ್ಟು ಕಟ್ಟಿ, ಪ್ರತಿ ಕಟ್ಟಿನ ಮೇಲೆ ಕೂಡುವ ಯಂತ್ರದ ಉದ್ದನೆಯ ಪಟ್ಟಿ ಸುತ್ತಿ, ಕ್ಲಿಯರಿಂಗ್ ಹೌಸಿಗೆ ಒಯ್ಯುತ್ತಿದ್ದೆವು. ಅಲ್ಲಿ ಪ್ರತಿ ಬ್ಯಾಂಕಿನ ಗುಮಾಸ್ತರಿಗೂ ಒಂದೊಂದು ಮೇಜು. ನಿಮ್ಮ ಮೇಲಿನ ಚೆಕ್ಕುಗಳು ಇಷ್ಟು ಎಂದು ನಾವು ಅವರ ಮೇಜಿಗೆ ಇಡುವುದು, ನಿಮ್ಮ ಮೇಲಿನವು ಇಷ್ಟು ಎಂದು ಅವರು ನಮ್ಮ ಮೇಜಿಗೆ ಇಡುವುದು. ಎಲ್ಲ ಬ್ಯಾಂಕುಗಳೂ ಕೊಟ್ಟದ್ದರ ಮೊತ್ತ ಎಲ್ಲ ಬ್ಯಾಂಕುಗಳೂ ಪಡೆದದ್ದರ ಮೊತ್ತಕ್ಕೆ ಪೈಸೆಯವರೆಗೂ ಸರಿಹೊಂದಬೇಕು. ಹೊಂದುವ ತನಕ ಯಾರೂ ಏಳುವಂತಿಲ್ಲ.

ಒಂದು ದಿನ 900 ರೂಪಾಯಿ ಏರುಪೇರು. ನಾನು ಪಟ್ಟಿಯನ್ನು ಮೊದಲಿನಿಂದ ಕೂಡಲು ಹೊರಟೆ. ಪಕ್ಕದ ಮೇಜಿನ ಹಿರಿಯರೊಬ್ಬರು ಕೈ ಅಡ್ಡ ಹಿಡಿದು ಕೇಳಿದರು: “ಕೂಡಬೇಡಪ್ಪ. ಒಂಬತ್ತರಲ್ಲಿ ಹೋಗುತ್ತಾ ನೋಡು.” ಹೋಗುತ್ತೆ ಸಾರ್ ಎಂದೆ. “ಹಾಗಾದ್ರೆ ಯಾರೋ ಅಂಕಿ ಅದಲುಬದಲು ಮಾಡಿದ್ದಾರೆ. ಮೊತ್ತ ಬಿಡು, ಸಾಲು ಸಾಲಾಗಿ ಚೆಕ್ಕಿಗೆ ಹಿಡಿದು ನೋಡು.” ಹತ್ತು ನಿಮಿಷದಲ್ಲಿ ಸಿಕ್ಕಿತು. 46,500 ರೂಪಾಯಿಯ ಚೆಕ್ಕನ್ನು ನಾನೇ ಯಂತ್ರದಲ್ಲಿ 45,600 ಎಂದು ಒತ್ತಿದ್ದೆ. ಅಕ್ಕಪಕ್ಕದ ಎರಡು ಅಂಕಿಗಳು ಸ್ಥಾನ ಬದಲಿಸಿದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ ಎಂಬುದು ಆ ಕಾಲದ ಎಲ್ಲ ಲೆಕ್ಕಿಗರಿಗೂ ಗೊತ್ತಿದ್ದ ಗುಟ್ಟು, ನನಗೊಬ್ಬನಿಗೆ ಅಂದು ಗೊತ್ತಿರಲಿಲ್ಲ. ನನ್ನ ಒಂದು ಬೆರಳಿನ ತಪ್ಪಿಗೆ ಊರಿನ ಎಲ್ಲ ಬ್ಯಾಂಕುಗಳ ಗುಮಾಸ್ತರೂ ಕಾದು ಕೂತಿದ್ದರು.

ಆ ಕೋಣೆಯಲ್ಲಿ ನಡೆಯುತ್ತಿದ್ದ ಲೆಕ್ಕದ ಹುರುಳು ಇಂದಿಗೂ ಬದಲಾಗಿಲ್ಲ, ಹಾಗಾಗಿ ಅದನ್ನು ಸಣ್ಣ ಉದಾಹರಣೆಯಲ್ಲಿ ಹೇಳುತ್ತೇನೆ. ಕ, ಖ, ಗ ಎಂಬ ಮೂರು ಬ್ಯಾಂಕುಗಳಿವೆ ಎನ್ನಿ. ದಿನದ ಕೊನೆಗೆ ಕ ಬ್ಯಾಂಕು ಖಗೆ 90 ಲಕ್ಷ, ಖ ಬ್ಯಾಂಕು ಗಗೆ 80 ಲಕ್ಷ, ಗ ಬ್ಯಾಂಕು ಕಗೆ 70 ಲಕ್ಷ ಕೊಡಬೇಕಾಗಿದೆ. ಒಟ್ಟು ವ್ಯವಹಾರ 240 ಲಕ್ಷ. ಆದರೆ ಬರಬೇಕಾದದ್ದನ್ನು ಕೊಡಬೇಕಾದದ್ದರಲ್ಲಿ ವಜಾ ಮಾಡಿದರೆ ಕ 20 ಲಕ್ಷ ಕೊಟ್ಟರಾಯಿತು. ಖ ಮತ್ತು ಗಗಳಿಗೆ ತಲಾ 10 ಲಕ್ಷ ಬರುತ್ತದೆ. 240 ಲಕ್ಷದ ವ್ಯವಹಾರ 20 ಲಕ್ಷದಲ್ಲಿ ಚುಕ್ತಾ. ಇದೇ ನಿವ್ವಳ ಪದ್ಧತಿ. ಬ್ಯಾಂಕುಗಳು ಚುಕ್ತಾಕ್ಕೆಂದು ರಿಸರ್ವ್ ಬ್ಯಾಂಕಿನಲ್ಲಿ ಇಟ್ಟುಕೊಳ್ಳಬೇಕಾದ ಹಣವನ್ನು ಇದು ಅಷ್ಟರ ಮಟ್ಟಿಗೆ ತಗ್ಗಿಸುತ್ತದೆ, ಉಳಿದದ್ದು ಸಾಲ ನೀಡಲು ಸಿಗುತ್ತದೆ.

ಈ ಮಿತವ್ಯಯಕ್ಕೆ ಒಂದು ಬೆಲೆಯೂ ಉಂಟು. ಸಂಜೆಯ ಹೊತ್ತಿಗೆ ಕ ಬ್ಯಾಂಕು ಆ 20 ಲಕ್ಷ ಕೊಡಲಾಗದೆ ಕೈಚೆಲ್ಲಿತು ಎನ್ನಿ. ಹಳೆಯ ಕ್ರಮದಲ್ಲಿ, ಕಗೆ ಸಂಬಂಧಿಸಿದ ಎಲ್ಲ ವ್ಯವಹಾರವನ್ನೂ ತೆಗೆದುಹಾಕಿ ಉಳಿದವರ ಲೆಕ್ಕವನ್ನು ಮತ್ತೆ ಹಾಕುತ್ತಿದ್ದರು. ಆಗ ಉಳಿಯುವುದು ಖ ಬ್ಯಾಂಕು ಗಗೆ ಕೊಡಬೇಕಾದ 80 ಲಕ್ಷ. ಮಧ್ಯಾಹ್ನ 10 ಲಕ್ಷ ಬರುತ್ತದೆಂದು ನೆಮ್ಮದಿಯಾಗಿದ್ದ ಖ, ಸಂಜೆ 80 ಲಕ್ಷ ಹೊಂದಿಸಬೇಕು. ಹೊಂದಿಸಲಾಗದಿದ್ದರೆ ಅದೂ ಬಿತ್ತು. ಖ ಯಾವ ಕೆಟ್ಟ ಸಾಲವನ್ನೂ ಕೊಟ್ಟಿರಲಿಲ್ಲ, ತನ್ನ ಗ್ರಾಹಕರ ಪಾವತಿಗಳನ್ನು ನಡೆಸಿಕೊಟ್ಟಿತ್ತು ಅಷ್ಟೇ. ಒಂದು ಬ್ಯಾಂಕಿನ ರೋಗ ಇನ್ನೊಂದಕ್ಕೆ ಅಂಟುವ ದಾರಿಗಳಲ್ಲಿ ಇದು ತೀರಾ ಹತ್ತಿರದ್ದು.

1974ರ ಜೂನ್ 26ರಂದು ಜರ್ಮನಿಯ ಕಲೋನ್ ನಗರದ ಹೆರ್ಸ್ಟಾಟ್ ಎಂಬ ಬ್ಯಾಂಕಿನ ಬಾಗಿಲನ್ನು ಅಲ್ಲಿನ ಅಧಿಕಾರಿಗಳು ದಿನದ ವ್ಯವಹಾರ ಮುಗಿದ ಮೇಲೆ ಮುಚ್ಚಿಸಿದರು. ಜರ್ಮನಿಯಲ್ಲಿ ದಿನ ಮುಗಿದಿತ್ತು, ನ್ಯೂಯಾರ್ಕಿನಲ್ಲಿ ಆಗಿನ್ನೂ ಬೆಳಗಿನ ಹೊತ್ತು. ಆ ಬ್ಯಾಂಕಿಗೆ ಜರ್ಮನ್ ಮಾರ್ಕುಗಳನ್ನು ಅಂದೇ ಕೊಟ್ಟು, ಪ್ರತಿಯಾಗಿ ನ್ಯೂಯಾರ್ಕಿನಲ್ಲಿ ಡಾಲರಿಗೆ ಕಾದಿದ್ದವರಿಗೆ ಡಾಲರು ಬರಲಿಲ್ಲ. ಎರಡು ಕಡೆಯ ಗಡಿಯಾರಗಳ ನಡುವಿನ ಕೆಲವೇ ಗಂಟೆಗಳಲ್ಲಿ ಮುಳುಗಿದ ಹಣ ಅದು. ಇಂಥ ಅಪಾಯವನ್ನು ಇಂದಿಗೂ ಆ ಬ್ಯಾಂಕಿನ ಹೆಸರಿನಿಂದಲೇ ಕರೆಯುತ್ತಾರೆ. ಈ ಆಘಾತದ ಬೆನ್ನಿಗೇ, ಅದೇ ವರ್ಷದ ಕೊನೆಯಲ್ಲಿ, ಬ್ಯಾಂಕುಗಳ ಮೇಲ್ವಿಚಾರಣೆಗೆ ಅಂತರರಾಷ್ಟ್ರೀಯ ಮಾನದಂಡ ರೂಪಿಸುವ ಬ್ಯಾಸೆಲ್ ಸಮಿತಿ ಹುಟ್ಟಿತು.

ಒಂದು ಬ್ಯಾಂಕು ಬಿದ್ದರೆ ಇನ್ನೊಂದೂ ಬೀಳುವ ನಿವ್ವಳ ಪದ್ಧತಿಯ ಅಪಾಯಕ್ಕೆ ಪರಿಹಾರವೆಂದು ಬಂದದ್ದು ವಜಾ ಮಾಡುವುದನ್ನೇ ಬಿಟ್ಟು ಒಂದೊಂದು ಪಾವತಿಯನ್ನೂ ಆಗಿಂದಾಗ್ಗೆ, ಪೂರ್ತಿ ಮೊತ್ತಕ್ಕೆ ಚುಕ್ತಾ ಮಾಡುವ ಕ್ರಮ. ನಮ್ಮಲ್ಲಿ ಅದು 2004ರ ಮಾರ್ಚಿನಲ್ಲಿ ಆರ್‌ಟಿಜಿಎಸ್ ಎಂದು ಆರಂಭವಾಯಿತು. ನೀವು ಮನೆ ಕೊಳ್ಳುವಾಗ 40 ಲಕ್ಷ ಆರ್‌ಟಿಜಿಎಸ್ ಮಾಡಿದರೆ, ರಿಸರ್ವ್ ಬ್ಯಾಂಕಿನಲ್ಲಿರುವ ನಿಮ್ಮ ಬ್ಯಾಂಕಿನ ಖಾತೆಯಿಂದ 40 ಲಕ್ಷ ಕಳೆದು, ಮಾರಿದವರ ಬ್ಯಾಂಕಿನ ಖಾತೆಗೆ ಸೇರಿದ ಮೇಲೆಯೇ ಸಂದೇಶ ಮುಂದೆ ಹೋಗುತ್ತದೆ. ಮೊದಲು ಚುಕ್ತಾ, ಆಮೇಲೆ ಪಾವತಿ. ಕೈಗಡದ ಮಾತೇ ಇಲ್ಲ. ಗ್ರಾಹಕರ ಮಟ್ಟಿಗೆ ಇದರ ಕನಿಷ್ಠ ಮಿತಿ 2 ಲಕ್ಷ ರೂಪಾಯಿ, ಮತ್ತು 2020ರ ಡಿಸೆಂಬರಿನಿಂದ ಇದು ರಾತ್ರಿ ಹಗಲು, ಭಾನುವಾರ ಹಬ್ಬವೆನ್ನದೆ ನಡೆಯುತ್ತಿದೆ. ಚುಕ್ತಾಕ್ಕೆ ರಿಸರ್ವ್ ಬ್ಯಾಂಕಿನ ಪುಸ್ತಕವೇ ಏಕೆ ಎಂದು ಕೇಳಬಹುದು. ಬೇರೆ ಯಾವ ಬ್ಯಾಂಕಿನ ಪುಸ್ತಕದಲ್ಲಿ ಚುಕ್ತಾ ಮಾಡಿದರೂ ಆ ಬ್ಯಾಂಕು ಬಿದ್ದರೆ ಎಂಬ ಅಳುಕು ಉಳಿಯುತ್ತದೆ. ರೂಪಾಯಿಯನ್ನೇ ಹೊರಡಿಸುವ ಸಂಸ್ಥೆಯ ಪುಸ್ತಕದಲ್ಲಿ ಆ ಅಳುಕಿಲ್ಲ.

ಆದರೆ ಆರ್‌ಟಿಜಿಎಸ್ ಹಸಿವು ಹೆಚ್ಚಿರುವ ಕುದುರೆ. ಮಧ್ಯಾಹ್ನ ಬರಲಿರುವ ಹಣವನ್ನು ನೆಚ್ಚಿ ಬೆಳಿಗ್ಗೆ ಕೊಡುವಂತಿಲ್ಲ. ಆಯಾ ಹೊತ್ತಿಗೆ ಖಾತೆಯಲ್ಲಿ ದುಡ್ಡಿರಬೇಕು. ಎಲ್ಲರೂ ಎಲ್ಲರಿಗಾಗಿ ಕಾದು ಕೂತರೆ ವ್ಯವಸ್ಥೆಯೇ ಗಂಟು ಬೀಳುತ್ತದೆ, ಸಂಜೆಯ ಸಿಲ್ಕ್ ಬೋರ್ಡ್ ಜಂಕ್ಷನ್ನಿನಂತೆ. ಆದ್ದರಿಂದ ರಿಸರ್ವ್ ಬ್ಯಾಂಕ್ ಸರ್ಕಾರಿ ಸಾಲಪತ್ರಗಳ ಆಧಾರದ ಮೇಲೆ ಆ ದಿನದ ಮಟ್ಟಿಗೆ ಬ್ಯಾಂಕುಗಳಿಗೆ ಹಣ ಒದಗಿಸುತ್ತದೆ. ಈ ಹಸಿವು ಎಷ್ಟಿರಬಹುದೆಂದು ಲೋಕಕ್ಕೆ ತಿಳಿದದ್ದು 1985ರ ನವೆಂಬರಿನಲ್ಲಿ. ಸರ್ಕಾರಿ ಸಾಲಪತ್ರಗಳ ವ್ಯವಹಾರ ನಡೆಸುತ್ತಿದ್ದ ಬ್ಯಾಂಕ್ ಆಫ್ ನ್ಯೂಯಾರ್ಕಿನ ಕಂಪ್ಯೂಟರ್ ಪ್ರೋಗ್ರಾಮು ಕೆಟ್ಟಿತು; ಪತ್ರಗಳು ಒಳಗೆ ಬರುತ್ತಲೇ ಇದ್ದವು, ಅವಕ್ಕೆ ಹಣವೂ ತಾನಾಗಿ ಹೊರಗೆ ಹೋಗುತ್ತಲೇ ಇತ್ತು, ಆದರೆ ಮುಂದಿನವರಿಗೆ ಪತ್ರ ಕಳಿಸಿ ಹಣ ಪಡೆಯಲು ಬ್ಯಾಂಕಿಗೆ ಆಗಲಿಲ್ಲ. ಆ ರಾತ್ರಿ ಅದು ಅಮೆರಿಕದ ಕೇಂದ್ರ ಬ್ಯಾಂಕಿನಿಂದ 2,200 ಕೋಟಿ ಡಾಲರ್ ಮೀರಿದ ಸಾಲ ಎತ್ತಬೇಕಾಯಿತು. ಬ್ಯಾಂಕು ಗಟ್ಟಿಯಾಗಿಯೇ ಇತ್ತು, ಕೆಟ್ಟಿದ್ದು ಪ್ರೋಗ್ರಾಮು. ಬ್ಯಾಂಕುಗಳ ಕಂಪ್ಯೂಟರ್ ವಿಭಾಗವನ್ನು ನೆಲಮಾಳಿಗೆಯ ಇಲಾಖೆಯೆಂದು ಕಾಣುವ ಮೇಲಧಿಕಾರಿಗಳಿಗೆ ನಾನು ಈ ಕಥೆಯನ್ನು ಹಲವು ಸಲ ಹೇಳಿದ್ದೇನೆ, ಹೆಚ್ಚು ಪ್ರಯೋಜನವಾಗಿಲ್ಲ.

ಹೀಗೆ ನಮ್ಮ ದೇಶದಲ್ಲಿ ಎರಡೂ ಪದ್ಧತಿಗಳು ಒಟ್ಟಿಗೆ ಬದುಕುತ್ತಿವೆ. ದೊಡ್ಡ ಮೊತ್ತಕ್ಕೆ ಆರ್‌ಟಿಜಿಎಸ್. ಸಣ್ಣ ಮೊತ್ತಕ್ಕೆ ನಿವ್ವಳ ಪದ್ಧತಿಯ ನೆಫ್ಟ್, ಐಎಂಪಿಎಸ್, ಯುಪಿಐ, ರುಪೇ ಕಾರ್ಡು, ಚೆಕ್ಕು. 2005ರಲ್ಲಿ ಬಂದ ನೆಫ್ಟ್ ಅರ್ಧ ಗಂಟೆಗೊಮ್ಮೆ ಕಟ್ಟು ಕಟ್ಟಿ ಲೆಕ್ಕ ಹಾಕುತ್ತದೆ, ನಮ್ಮ ಹಳೆಯ ಕ್ಲಿಯರಿಂಗ್ ಹೌಸಿನ ನೇರ ವಂಶಸ್ಥ. 2010ರ ಐಎಂಪಿಎಸ್ ಮತ್ತು 2016ರ ಯುಪಿಐ ಗ್ರಾಹಕರಿಗೆ ಆ ಕ್ಷಣವೇ ಹಣ ಮುಟ್ಟಿಸಿ, ಬ್ಯಾಂಕುಗಳ ನಡುವಿನ ಚುಕ್ತಾವನ್ನು ದಿನಕ್ಕೆ ಹಲವು ಕಂತುಗಳಲ್ಲಿ ಮಾಡುತ್ತವೆ. ಆ ನಿವ್ವಳ ಮೊತ್ತ ಕೊನೆಗೆ ಬಂದು ತೀರುವುದು ಆರ್‌ಟಿಜಿಎಸ್ ಮೂಲಕ, ರಿಸರ್ವ್ ಬ್ಯಾಂಕಿನ ಖಾತೆಗಳಲ್ಲಿ. ನನ್ನ 60 ರೂಪಾಯಿ ಬೇರೆ ಲಕ್ಷಾಂತರ ಪಾವತಿಗಳಲ್ಲಿ ಕರಗಿ, ಒಂದು ನಿವ್ವಳ ಅಂಕಿಯ ಭಾಗವಾಗಿ ಅಲ್ಲಿಗೆ ತಲುಪುತ್ತದೆ. 2025ರ ಆಗಸ್ಟಿನಲ್ಲಿ ಯುಪಿಐ ವ್ಯವಹಾರಗಳ ಸಂಖ್ಯೆ ಒಂದೇ ತಿಂಗಳಲ್ಲಿ 2,000 ಕೋಟಿ ದಾಟಿತು. ಸಂಖ್ಯೆಯಲ್ಲಿ ದೇಶದ ಡಿಜಿಟಲ್ ಪಾವತಿಗಳ ಶೇ. 80ಕ್ಕೂ ಹೆಚ್ಚು ಪಾಲು ಯುಪಿಐಯದು. ಮೌಲ್ಯದಲ್ಲಿ ಮಾತ್ರ ಅರ್ಧಕ್ಕಿಂತ ಹೆಚ್ಚಿನ ಪಾಲು ಈಗಲೂ ಆರ್‌ಟಿಜಿಎಸ್‌ನದು. ಚೆಕ್ಕು ಕೂಡ ಸತ್ತಿಲ್ಲ. ಕಾಗದ ಓಡಾಡುವ ಬದಲು ಅದರ ಚಿತ್ರ ಓಡಾಡುತ್ತದೆ, ಮತ್ತು 2025ರ ಅಕ್ಟೋಬರ್ 4ರಿಂದ ದಿನಕ್ಕೊಮ್ಮೆ ಕಟ್ಟು ಕಟ್ಟದೆ ಹಗಲಿನ ಹೊತ್ತು ಬಂದಂತೆ ಬಂದಂತೆ ಕಳುಹಿಸುವ ಕ್ರಮ ಜಾರಿಯಾಗಿದೆ.

ಕಾನೂನಿನ ಬಗ್ಗೆ ಒಂದೇ ಮಾತು. 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆ 2008ರ ಆಗಸ್ಟಿನಲ್ಲಿ ಜಾರಿಗೆ ಬಂದಾಗ ಹೆಚ್ಚಿನವರು ಗಮನಿಸಿದ್ದು ರಿಸರ್ವ್ ಬ್ಯಾಂಕಿಗೆ ಸಿಕ್ಕ ಅಧಿಕಾರವನ್ನು. ಅದರ 23ನೇ ಕಲಮು ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯ: ನಿಯಮದಂತೆ ವಜಾ ಮಾಡಿ ನಿಗದಿಯಾದ ಮೊತ್ತ ಅಂತಿಮ, ಹಿಂದಕ್ಕೆ ಪಡೆಯಲಾಗದ್ದು. ಬ್ಯಾಂಕೊಂದು ನಾಳೆ ದಿವಾಳಿಯಾದರೂ ಇಂದಿನ ಲೆಕ್ಕವನ್ನು ಯಾರೂ ಬಿಚ್ಚುವಂತಿಲ್ಲ. ಕ ಬ್ಯಾಂಕು ಬಿದ್ದಾಗ ಖ ಬೀಳದಂತೆ ತಡೆಯುವ ಗೋಡೆಗಳಲ್ಲಿ ಇದು ಒಂದು.

ಇನ್ನು ಇದೆಲ್ಲ ಬ್ಯಾಂಕಿಂಗಿಗೆ ಏಕೆ ಮುಖ್ಯ ಎಂಬ ವಿಷಯ. ಬ್ಯಾಂಕಿನ ಕೆಲಸವೆಂದರೆ ಠೇವಣಿ ಪಡೆದು ಸಾಲ ಕೊಡುವುದು, ಪಾವತಿ ಒಂದು ಪಕ್ಕದ ಸೇವೆ ಎಂದು ಪಠ್ಯಪುಸ್ತಕಗಳು ಬರೆಯುತ್ತವೆ. ನಾನು ಇದನ್ನು ಒಪ್ಪುವುದಿಲ್ಲ. ಬೇರೆಯವರಿಗೆ ಹಣ ಕಳಿಸಲು ಬಾರದ ಠೇವಣಿ ಠೇವಣಿಯೇ ಅಲ್ಲ, ಕಬ್ಬಿಣದ ಪೆಟ್ಟಿಗೆ. 2020ರ ಮಾರ್ಚ್ 5ರಂದು ಯೆಸ್ ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದು, ಖಾತೆಯಿಂದ ತೆಗೆಯಬಹುದಾದ ಮೊತ್ತವನ್ನು 50,000 ರೂಪಾಯಿಗೆ ಮಿತಗೊಳಿಸಿದಾಗ ಆ ಬ್ಯಾಂಕಿನ ಗ್ರಾಹಕರು ಮಾತ್ರ ತೊಂದರೆಗೆ ಸಿಲುಕಲಿಲ್ಲ. ನಮ್ಮ ಬೆಂಗಳೂರಿನದೇ ಕಂಪನಿಯಾದ ಫೋನ್‌ಪೇ ಆಗ ಯುಪಿಐ ಜಾಲಕ್ಕೆ ಸೇರುತ್ತಿದ್ದದ್ದು ಆ ಬ್ಯಾಂಕಿನ ಮೂಲಕ. ಬೇರೆ ಬ್ಯಾಂಕುಗಳಲ್ಲಿ ಖಾತೆಯಿದ್ದು, ಯೆಸ್ ಬ್ಯಾಂಕಿನ ಬಾಗಿಲನ್ನೇ ಕಾಣದವರ ಫೋನುಗಳಲ್ಲೂ ಆ ಆ್ಯಪಿನ ಪಾವತಿ ನಿಂತಿತು. ಕಂಪನಿ ಅವಸರದಲ್ಲಿ ಇನ್ನೊಂದು ಬ್ಯಾಂಕನ್ನು ಹಿಡಿಯಬೇಕಾಯಿತು. ಒಂದೇ ಹಗ್ಗದಲ್ಲಿ ನೇತಾಡುವುದರ ಅಪಾಯವನ್ನು ಆ ಒಂದು ದಿನ ಎಲ್ಲರಿಗೂ ಮನದಟ್ಟು ಮಾಡಿಸಿತು.

ಪಾವತಿಯ ವೇಗ ಬ್ಯಾಂಕಿನ ಆಯುಷ್ಯವನ್ನೂ ಬದಲಿಸಿದೆ. ಹಿಂದೆ ಬ್ಯಾಂಕಿನ ಮೇಲೆ ನಂಬಿಕೆ ಹೋದರೆ ಜನ ಸಾಲು ನಿಲ್ಲುತ್ತಿದ್ದರು. ಕ್ಯಾಷಿಯರ್ ನಿಧಾನವಾಗಿ ಎಣಿಸುತ್ತಿದ್ದ, ಸಂಜೆ ಬಾಗಿಲು ಮುಚ್ಚುತ್ತಿತ್ತು, ರಾತ್ರಿಯ ಹೊತ್ತಿನಲ್ಲಿ ಬೇರೆಡೆಯಿಂದ ನೋಟು ತರಿಸುವ ಅವಕಾಶವಿತ್ತು. 2023ರ ಮಾರ್ಚ್ 9ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಗ್ರಾಹಕರು ಒಂದೇ ದಿನದಲ್ಲಿ 4,200 ಕೋಟಿ ಡಾಲರ್ ಹೊರತೆಗೆಯಲು ಮುಂದಾದರು, ಮರುದಿನ ಬ್ಯಾಂಕು ಮುಚ್ಚಿತು. ಇಪ್ಪತ್ತನಾಲ್ಕು ಗಂಟೆಯ ಪಾವತಿ ಎಂದರೆ ಬ್ಯಾಂಕಿನ ಖಜಾನೆ ವಿಭಾಗಕ್ಕೆ ಇನ್ನು ನಿದ್ದೆಯಿಲ್ಲ. ದಸರಾ ರಜೆಯಲ್ಲೂ ಭಾನುವಾರದ ಮಧ್ಯರಾತ್ರಿಯಲ್ಲೂ ರಿಸರ್ವ್ ಬ್ಯಾಂಕಿನ ಖಾತೆಯಲ್ಲಿ ಸಾಕಷ್ಟು ಹಣ ಇಟ್ಟುಕೊಂಡಿರಬೇಕು.

ಇಷ್ಟೆಲ್ಲ ಮಾಡಿದ್ದಕ್ಕೆ ಬ್ಯಾಂಕಿಗೆ ಸಿಗುವುದೇನು? ಹೂವಿನಮ್ಮ ಆ 60 ರೂಪಾಯಿಗೆ ಯಾವ ಶುಲ್ಕವನ್ನೂ ಕೊಡಲಿಲ್ಲ, ನಾನೂ ಕೊಡಲಿಲ್ಲ. 2020ರ ಜನವರಿಯಿಂದ ಖಾತೆಯಿಂದ ಖಾತೆಗೆ ಹೋಗುವ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿನ ಮೇಲೆ ವ್ಯಾಪಾರಿಗಳಿಂದ ಶುಲ್ಕ ಪಡೆಯುವಂತಿಲ್ಲ. ಸಣ್ಣ ವ್ಯಾಪಾರಿಗಳಿಗೆ ಸಲ್ಲುವ 2,000 ರೂಪಾಯಿವರೆಗಿನ ಪಾವತಿಗಳಿಗೆ ಸರ್ಕಾರ ಶೇ. 0.15ರಂತೆ ಪ್ರೋತ್ಸಾಹಧನ ನೀಡುವ ಯೋಜನೆ 2024-25ರಲ್ಲಿ ಇತ್ತು, ಅದಕ್ಕೆ ಸುಮಾರು 1,500 ಕೋಟಿ ತೆಗೆದಿರಿಸಿತ್ತು. ಈ ಮೊತ್ತ ಖರ್ಚಿಗೆ ಸಾಲದೆಂದು ಬ್ಯಾಂಕುಗಳು ಗೊಣಗುತ್ತವೆ, ಗೊಣಗಾಟದಲ್ಲಿ ನ್ಯಾಯವಿದೆ. ಆದರೆ ಪಾವತಿ ಎಲ್ಲಿ ಬಂದು ಸೇರುತ್ತದೋ ಅಲ್ಲಿ ಬಾಕಿಯೂ ನಿಲ್ಲುತ್ತದೆ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿನಿಂದ ಹಣ ಸಂಗ್ರಹಿಸಲು ಹೊರಟಾಗ, ಅಷ್ಟು ಚಿಲ್ಲರೆಗೆ ಏಜೆಂಟನ ಚಪ್ಪಲಿ ಸವೆತವೂ ಗಿಟ್ಟದು ಎಂದು ನಕ್ಕವರು ಇದ್ದಿರಲೇಬೇಕು. ಹೂವಿನಮ್ಮನ ಖಾತೆಗೆ ದಿನವೂ ಬೀಳುವ ಚಿಲ್ಲರೆ ಅದೇ ಬಗೆಯದು, ಈ ಸಲ ಏಜೆಂಟನೇ ಇಲ್ಲ. ಆ ಜಮೆಗಳ ಸಾಲನ್ನು ನೋಡಿ ಅವರಿಗೆ ಸಾಲ ಕೊಡಬಹುದೋ ಎಂದು ಬ್ಯಾಂಕು ತೀರ್ಮಾನಿಸಬಲ್ಲದು.

ಅದೇ ಸಾಲನ್ನು ತೆರಿಗೆಯವರೂ ನೋಡಬಲ್ಲರು. 2025ರ ಜುಲೈನಲ್ಲಿ ಯುಪಿಐ ಜಮೆಗಳ ಆಧಾರದ ಮೇಲೆ ನಮ್ಮ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸು ಬಂದಾಗ, ಈ ಊರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ ಯುಪಿಐ ಇಲ್ಲ, ನಗದು ಮಾತ್ರ ಎಂಬ ಚೀಟಿ ಅಂಟಿದ್ದನ್ನು ನೀವೆಲ್ಲ ಕಂಡಿದ್ದೀರಿ. ನೋಟಿಸು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ನೋಟಿಗೆ ನೆನಪಿಲ್ಲ, ಖಾತೆಗೆ ನೆನಪಿದೆ ಎಂಬುದು ಜನರಿಗೆ ಆ ವಾರ ಅರ್ಥವಾಯಿತು ಎಂದಷ್ಟೇ ಹೇಳುತ್ತೇನೆ.

ಉಪನ್ಯಾಸ ಮುಗಿದ ಮೇಲೆ ಮುಂದಿನ ಸಾಲಿನಲ್ಲಿದ್ದ ಹಿರಿಯ ಮಹಿಳೆಯೊಬ್ಬರು ಎದ್ದು ಕೇಳಿದರು: “ಮೊನ್ನೆ ಔಷಧಿ ಅಂಗಡಿಯಲ್ಲಿ ನನ್ನ ಖಾತೆಯಿಂದ 840 ರೂಪಾಯಿ ಕಟ್ ಆಯಿತು, ಅಂಗಡಿಯವರಿಗೆ ಬರಲಿಲ್ಲ. ಆ ಹೊತ್ತಿನಲ್ಲಿ ನನ್ನ ದುಡ್ಡು ಎಲ್ಲಿತ್ತು ಸಾರ್?” ಇಡೀ ಸಂಜೆಯ ವಿಷಯ ಆ ಪ್ರಶ್ನೆಯಲ್ಲಿತ್ತು. ಉತ್ತರ ಹೀಗೆ ಕೊಟ್ಟೆ: ತಾಯಿ, ನಿಮ್ಮ ಬ್ಯಾಂಕು ಕಳೆದೆ ಎಂದಿತು, ಅಂಗಡಿಯವರ ಬ್ಯಾಂಕು ಸೇರಿಸಿದೆ ಎಂಬ ಉತ್ತರವನ್ನು ಹೊತ್ತಿಗೆ ಸರಿಯಾಗಿ ಕೊಡಲಿಲ್ಲ. ಹಣ ದಾರಿಯಲ್ಲಿ ಎಲ್ಲೂ ಬಿದ್ದಿರುವುದಿಲ್ಲ. ಒಂದೋ ನಿಮ್ಮ ಬ್ಯಾಂಕಿನ ಪುಸ್ತಕದಲ್ಲಿ ಯಾರ ಹೆಸರಿಗೂ ಸೇರದ ಒಂದು ಖಾತೆಯಲ್ಲಿ ಕೂತಿರುತ್ತದೆ, ಇಲ್ಲವೇ ಬ್ಯಾಂಕುಗಳ ನಡುವೆ ಚುಕ್ತಾ ಆಗಿ ಅಂಗಡಿಯವರ ಬ್ಯಾಂಕಿನಲ್ಲಿ ಅದೇ ಥರದ ಖಾತೆಯಲ್ಲಿರುತ್ತದೆ. ಎರಡೂ ಕಡೆಯ ಪಟ್ಟಿ ತಾಳೆ ನೋಡಿದಾಗ ಅದು ಹೊರಬರುತ್ತದೆ. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನಲ್ಲಿ ಮಾಡಿದ ನಿಯಮದಂತೆ ವ್ಯಾಪಾರಿಗೆ ಮಾಡಿದ ಯುಪಿಐ ಪಾವತಿ ಹೀಗೆ ನಿಂತರೆ ವ್ಯವಹಾರದ ದಿನ ಬಿಟ್ಟು ಐದು ದಿನದೊಳಗೆ ತಾನಾಗಿ ಮರಳಬೇಕು, ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ್ದಾದರೆ ಮರುದಿನವೇ; ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಆ್ಯಪಿನಲ್ಲಿ ಆ ವ್ಯವಹಾರದ ಕೆಳಗೆ 12 ಅಂಕಿಗಳ ಒಂದು ಸಂಖ್ಯೆ ಇರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ.

ಅವರು ಕೈಚೀಲದಿಂದ ಒಂದು ಪುಟ್ಟ ಡೈರಿ ತೆಗೆದರು. ಸಂಖ್ಯೆ ಅದರಲ್ಲಿ ಆಗಲೇ ಬರೆದಿತ್ತು, ದಿನಾಂಕ ಮತ್ತು ಗಂಟೆಯ ಸಮೇತ.